ದನ ಮೇಯುವುದಿಲ್ಲ

ಜೂನ್ 11, 2024, ಮಂಗಳವಾರ

ಸರ್ಕಾರಕ್ಕೆ ತಲೆ ಕೆಟ್ಟಿದೆಯೋ, ನನಗೆ ಅದೃಷ್ಟ ಖುಲಾಯಿಸಿದೆಯೋ ತಿಳಿಯದು. ಹೊಲದಲ್ಲಿ ಏನೂ ಮಾಡದೆ ಸುಮ್ಮನಿದ್ದರೆ ದುಡ್ಡು ಕೊಡುತ್ತಾರಂತೆ. ಉಳಬಾರದು, ಬಿತ್ತಬಾರದು. ಹುಲ್ಲು ತಾನಾಗಿ ಬೆಳೆಯಬೇಕು. ಮೂರು ವರ್ಷ ಅದನ್ನು ಕೊಯ್ಯುವಂತಿಲ್ಲ, ಮೇಯಿಸುವಂತಿಲ್ಲ. ಹಾಗೆ ಬಿಟ್ಟರೆ ಮಣ್ಣು ಕೊಚ್ಚಿ ಹೋಗುವುದಿಲ್ಲ, ನೀರು ಇಂಗುತ್ತದೆ, ಹಕ್ಕಿಪಕ್ಷಿ ಬರುತ್ತವೆ ಎಂದು ಚಳ್ಳಕೆರೆಯಿಂದ ಸ್ಕೂಟಿಯಲ್ಲಿ ಬಂದಿದ್ದ ನಿರ್ಮಲಾ ಎಂಬ ಹುಡುಗಿ ವಿವರಿಸಿದಳು. ಹುಲ್ಲು ಉಳಿಸುವ ಯೋಜನೆಯ ಕಡೆಯವಳು. ನಮ್ಮ ಕಲ್ಲುಹೊಲವನ್ನು ನೋಡಿ "ಎಷ್ಟು ಚೆನ್ನಾಗಿದೆ ಅಕ್ಕ" ಎಂದಳು. ಹುಟ್ಟಿದಾಗಿನಿಂದ ಈ ಹೊಲವನ್ನು ಯಾರೂ ಹೊಗಳಿದ್ದು ಕೇಳಿಲ್ಲ.

ನಮ್ಮ ಯಜಮಾನರು ಹಾಸಿಗೆಯಲ್ಲಿ ಮಲಗಿಕೊಂಡೇ, "ಏನೂ ಮಾಡ್ದೆ ಇರೋ ಕೆಲ್ಸಾನ ನಾನು ಯಾವಾಗ್ಲಿಂದ್ಲೋ ಮಾಡ್ತಾ ಇದೀನಿ, ಈಗ ಸಂಬಳ ಶುರು ಆಯ್ತು ನೋಡು" ಎಂದರು. ಶೇಂಗಾ ಮೂಟೆ ಹೊತ್ತು ಲಾರಿಯಿಂದ ಬಿದ್ದ ಮೇಲೆ ಅವರ ಬೆನ್ನು ಬಗ್ಗುವುದಿಲ್ಲ. ನಾನು ಅಂಗನವಾಡಿ ನೋಡಿಕೊಳ್ಳಲೋ, ಹೊಲ ನೋಡಿಕೊಳ್ಳಲೋ. ಬೆಳೆಯಲ್ಲಿ ಪಾಲಿಗೆಂದು ಕೋರಿಗೆ ಕೊಡೋಣವೆಂದರೆ ಆ ಕಲ್ಲನ್ನು ಯಾರೂ ಮುಟ್ಟುವುದಿಲ್ಲ. ಈ ದುಡ್ಡು ಬಂದರೆ ಸೋರುವ ಶೀಟು ತೆಗೆಸಿ ಮೇಲೆ ಆರ್‌ಸಿಸಿ ಹಾಕಿಸುತ್ತೇನೆ. ಮಳೆ ಬಂದಾಗಲೆಲ್ಲ ಬೆನ್ನುನೋವಿನ ಮನುಷ್ಯನನ್ನು ಮೂಲೆಯಿಂದ ಮೂಲೆಗೆ ಎಳೆದು ಸಾಕಾಗಿದೆ.

ನಿರ್ಮಲಾ ಏನೇನೋ ಕೇಳಿ ಮೊಬೈಲಿನಲ್ಲಿ ಒತ್ತಿಕೊಂಡಳು. "ಈ ಜಮೀನಲ್ಲಿ ದನ ಮೇಯ್ತಾವಾ ಅಕ್ಕ?"

"ಇಲ್ಲಮ್ಮ" ಎಂದೆ.

ಅವಳು ಹೋದ ಮೇಲೆ ಯಜಮಾನರು ಕೇಳಿದರು, "ಮತ್ತೆ ದೇವರೆತ್ತು ದಿನಾ ನಮ್ಮ ಹೊಲದಾಗೇ ಹಾದು ಹೋಗ್ತಾವಲ್ಲ?"

"ಅವನ್ನ ದನ ಅಂತೀರಾ? ಬಾಯಿ ಕೊಳೆತೋಗ್ತೈತೆ" ಎಂದು ಬೈದೆ. ಅವರ ಊರಿನಲ್ಲಿ ದೇವರೆತ್ತು ಇಲ್ಲ, ಅವರಿಗೆ ಇದೆಲ್ಲ ಪೂರ್ತಿ ಗೊತ್ತಾಗುವುದಿಲ್ಲ. ಉಳುವುದು, ಹಾಲು ಕರೆಯುವುದು, ಮಾರುವುದು ದನ. ದೇವರಿಗೆ ಬಿಟ್ಟವಕ್ಕೆ ನೊಗವಿಲ್ಲ, ಮೂಗುದಾರವಿಲ್ಲ, ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುತ್ತೇವೆ. ಅವು ಬಂದರೆ ದೇವರು ಬಂದಂತೆ. ದೇವರು ಹೊಲ ಮೇಯಿತು ಎಂದು ಯಾರಾದರೂ ಬರೆಸುತ್ತಾರಾ?

ಜೂನ್ 24, ಸೋಮವಾರ

ಕಲ್ಲುಕಂಬ, ಮುಳ್ಳುತಂತಿ ಎಲ್ಲ ಟ್ರ್ಯಾಕ್ಟರಿನಲ್ಲಿ ಬಂದು ಇಳಿದವು. ಸುತ್ತ ಬೇಲಿ ಅವರೇ ಹಾಕಿಕೊಡುತ್ತಾರಂತೆ. ಖುಷಿಯಾಗಿ ಆಳುಗಳಿಗೆ ಚಹಾ ಕಾಯಿಸಿ ಕೊಟ್ಟೆ. ನಡುವೆ ಎತ್ತಿನ ದಾರಿಗೆ ಎಷ್ಟು ಅಗಲ ಬಿಡುತ್ತೀರಿ ಎಂದು ಕೇಳಿದ್ದೇ ತಡ, ನಿರ್ಮಲಾ ಮುಖ ನೋಡಿದಳು.

"ಯಾವ ಎತ್ತು ಅಕ್ಕ?"

"ದೇವರೆತ್ತಮ್ಮ. ನಮ್ಮಣ್ಣ ಪಾಲಣ್ಣ ಅವನ್ನ ಕಾಯೋ ಕಿಲಾರಿ. ರೊಪ್ಪದಿಂದ ಹಳ್ಳದ ಕಟ್ಟೆಗೆ ನೀರಿಗೆ ಹೊಡ್ಕೊಂಡು ಹೋಗ್ತಾನೆ."

"ದನ ಬರಲ್ಲ ಅಂದ್ರಲ್ಲ ನೀವು?"

"ದನ ಬರಲ್ಲ. ಇವು ದೇವರೆತ್ತು."

ಪಾಪ, ಅವಳು ನಗಲಿಲ್ಲ. ಹಾವೇರಿ ಕಡೆ ಹುಡುಗಿ, ಒಂದೊಂದೇ ಕೇಳಿ ತಿಳಿದುಕೊಂಡಳು. ಕೊನೆಗೆ, "ನಾಲ್ಕು ಕಾಲಿಂದು ಯಾವುದೂ ಒಳಗೆ ಬರಂಗಿಲ್ಲ ಅಕ್ಕ. ಬಂದ್ರೆ ಕಂತು ನಿಲ್ಲುತ್ತೆ. ಬೇಡ ಅನ್ಸಿದ್ರೆ ಈಗ್ಲೇ ಹೇಳಿ, ಕಂಬ ವಾಪಸ್ ಕಳಿಸ್ತೀನಿ" ಎಂದಳು.

ಆಳುಗಳು ಲೋಟ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಮೇಲೆ ಮೋಡ ಕಟ್ಟಿತ್ತು, ಒಳಗೆ ಯಜಮಾನರು ಕೆಮ್ಮಿದರು. ಹಾಕಿ ಎಂದೆ. ಅಣ್ಣನಿಗೆ ನಾನು ಹೇಳಿಕೊಳ್ಳುತ್ತೇನೆ.

ಜುಲೈ 2

ಅಣ್ಣನಿಗೆ ಹೇಳಿದೆ. ಹೇಳುವುದಕ್ಕೆ ಮೊದಲೇ ಅವನು ಬೇಲಿಯ ಹತ್ತಿರ ಬರಿಗಾಲಲ್ಲಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ. ಹಿಂದೆ ಎತ್ತುಗಳು. ಮುಂದಾಳು ಎತ್ತು ಬೂದಣ್ಣ ತಂತಿಯನ್ನು ಮೂಸಿ ನೋಡುತ್ತಿತ್ತು. ಅದು ದಿನವೂ ಮೈ ತಿಕ್ಕುವ ಉದ್ದಗಲ್ಲು ಬೇಲಿಯ ಒಳಗೆ ಉಳಿದುಬಿಟ್ಟಿದೆ.

ನಾನು ಎಲ್ಲ ಒಪ್ಪಿಸಿದೆ. ಶೀಟು ಸೋರುವುದು, ಇವರ ಬೆನ್ನು, ಮೂರೇ ವರ್ಷ ಎನ್ನುವುದು. ಅವನು ಜಗಳ ಆಡುತ್ತಾನೆ, ಆಡಿದರೆ ನಾನೂ ಆಡಬಹುದು ಎಂದು ಸಿದ್ಧವಾಗಿದ್ದೆ.

"ನಿನ್ನ ಹೊಲ ಬೊಮ್ಮಿ" ಎಂದ, ಅಷ್ಟೇ. ಆಮೇಲೆ ಎತ್ತುಗಳ ಕಡೆ ತಿರುಗಿ "ರಾ ನಾಯನಾ, ರಾ" ಎಂದು ಟಾರು ರಸ್ತೆಯ ಕಡೆ ಹೊರಟ. ನನ್ನ ಜೊತೆ ಕನ್ನಡ, ಅವುಗಳನ್ನು "ಬಾರಪ್ಪ" ಎನ್ನುವುದೂ ತೆಲುಗಿನಲ್ಲೇ. ಚಿಕ್ಕಂದಿನಿಂದ ಹಾಗೇ.

ನಿನ್ನ ಹೊಲ ಎಂದರೆ ಏನರ್ಥ? ಅಪ್ಪನ ಹೊಲ ಇದು. ಅಣ್ಣ ಕಿಲಾರಿ ಆದಾಗ, ದೇವರೆತ್ತು ಕಾಯುವವನಿಗೆ ಹೊಲ ಯಾಕೆ ಎಂದು ತನ್ನ ಪಾಲನ್ನೂ ನನ್ನ ಹೆಸರಿಗೆ ಬಿಟ್ಟುಕೊಟ್ಟ. "ಸಂಜೆ ಒಂದು ಚೊಂಬು ನೀರು ಕೊಡು ಸಾಕು" ಎಂದಿದ್ದ. ಅಂದಿನಿಂದ ದಿನವೂ ಕಟ್ಟೆಯಿಂದ ವಾಪಸು ಬರುವಾಗ ನಮ್ಮ ಬಾಗಿಲ ಎದುರು ನಿಂತು "ಬೊಮ್ಮೀ, ನೀರು ಐತಾ?" ಎಂದು ಕೂಗುತ್ತಾನೆ. ನೀರು ಇಲ್ಲದೆ ಏನು, ಇರುತ್ತದೆ ಎಂದು ಅವನಿಗೂ ಗೊತ್ತು.

ಇವತ್ತು ಸಂಜೆ ಕೂಗು ಕೇಳಲಿಲ್ಲ. ರಸ್ತೆಯಿಂದ ನಮ್ಮ ಮನೆ ದೂರವಾಯಿತಲ್ಲ, ಅದಕ್ಕೇ ಇರಬೇಕು.

ಜುಲೈ 18

ಹಟ್ಟಿಯ ಹೆಂಗಸರು ನಲ್ಲಿಯ ಹತ್ತಿರ ಮಾತು ನಿಲ್ಲಿಸುತ್ತಾರೆ. ನಿಲ್ಲಿಸಲಿ. ಕುದಾಪುರದ ಕಡೆ ಎತ್ತು ಮೇಯುತ್ತಿದ್ದ ಕಾವಲಿಗೆಲ್ಲ ದೊಡ್ಡ ಸಂಸ್ಥೆಗಳ ಅಷ್ಟುದ್ದ ಗೋಡೆ ಎದ್ದಿತಲ್ಲ, ಆಗ ಇವರೆಲ್ಲ ಎಲ್ಲಿದ್ದರು? ಎತ್ತಿಗೆ ಮೊದಲು ಹತ್ತು ದಾರಿ ಇತ್ತು. ಒಂಬತ್ತನ್ನು ಮುಚ್ಚಿದವರ ಎದುರು ಕೈಕಟ್ಟಿ ನಿಂತು, ಹತ್ತನೆಯದನ್ನು ಮುಚ್ಚಿದ ನನಗೆ ಮುಖ ತಿರುಗಿಸುವುದೇ? ಅವರಲ್ಲಿ ಮುಂದಿದ್ದ ರಂಗಕ್ಕನಿಗೆ ಎದುರೆದುರೇ ಹೇಳಿದೆ. ಅವಳು, "ಗೋಡೆ ಕಟ್ಟಿದೋರು ಪಾಲಣ್ಣನ ತಂಗೀರಲ್ಲ ಕಣಮ್ಮ" ಎಂದು ಕೊಡ ಎತ್ತಿಕೊಂಡು ಹೋದಳು. ಅವಳಿಗೆ ಮೊದಲಿನಿಂದಲೂ ನನ್ನ ಕಂಡರೆ ಹೊಟ್ಟೆಕಿಚ್ಚು.

ಆಗಸ್ಟ್ 21

ಹುಲ್ಲು ಎಷ್ಟು ಚೆಂದ ಬಂದಿದೆ! ಗರಿಕೆ ನೆಲ ಬಿಡದಂತೆ ಹಬ್ಬಿದೆ, ಕರಡದ ಹುಲ್ಲು ಮೊಣಕಾಲು ಮುಟ್ಟುತ್ತಿದೆ. ಅಂಗನವಾಡಿಗೆ ಹೋಗುವ ಮುಂಚೆ ಬೆಳಗ್ಗೆ ಒಂದು ಸುತ್ತು ಬೇಲಿ ಸುತ್ತಿ ಬರುವುದು ಅಭ್ಯಾಸವಾಗಿದೆ. ಗೌಜಲಹಕ್ಕಿ ಎರಡು ಮರಿ ಹಾಕಿಕೊಂಡು ಓಡಾಡುತ್ತಿತ್ತು. ಯಜಮಾನರನ್ನು ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. "ನಿನ್ನ ಮದುವೆ ಸೀರೆಗೂ ನೀನು ಇಷ್ಟು ಮೆರೀಲಿಲ್ಲ" ಎಂದು ರೇಗಿಸಿದರು.

ನಿರ್ಮಲಾ ಫೋಟೋ ಹೊಡೆದುಕೊಂಡು ಹೋದಳು. ತಾಲ್ಲೂಕಿನಲ್ಲೇ ಒಳ್ಳೆ ಪ್ಲಾಟ್ ಇದು ಎಂದಳು. ನಮ್ಮ ಪ್ಲಾಟ್ ನೋಡಲು ಬೇರೆ ಊರಿನ ರೈತರನ್ನೂ ಕರೆದುಕೊಂಡು ಬರುತ್ತಾಳಂತೆ.

ಎತ್ತುಗಳು ರಸ್ತೆಗೆ ಒಗ್ಗಿಕೊಂಡಿವೆ. ಎಲ್ಲ ಒಗ್ಗುತ್ತದೆ.

ಸೆಪ್ಟೆಂಬರ್ 16

ಕೋಪ ಇನ್ನೂ ಇಳಿದಿಲ್ಲ. ಬೆಳಗ್ಗೆ ಸುತ್ತಲು ಹೋದರೆ ಮೂಲೆಯಲ್ಲಿ ತಂತಿ ಜಗ್ಗಿ, ಒಂದು ಕಂಬ ವಾಲಿದೆ. ಒಳಗೆ ಬೂದಣ್ಣ, ಹಿಂದೆ ಇನ್ನೂ ಮೂರು. ಬೂದಣ್ಣ ಉದ್ದಗಲ್ಲಿಗೆ ಕುತ್ತಿಗೆ ತಿಕ್ಕುತ್ತ ಕಣ್ಣು ಮುಚ್ಚಿಕೊಂಡು ನಿಂತಿದೆ. ಉಳಿದವು ನನ್ನ ಕರಡದ ಮೇಲೆ ಓಡಾಡುತ್ತಿವೆ. ನಾಳಿದ್ದು ಬೇರೆ ಊರಿನ ರೈತರು ನೋಡಲು ಬರುವವರು!

ಓಡಿದೆ. ಕೂಗಿದೆ. ಅಣ್ಣ ರಸ್ತೆಯ ಕಡೆಯಿಂದ ಓಡಿಬರುತ್ತಿದ್ದ. "ಏನಣ್ಣಾ ಇದು? ದನ ನುಗ್ಯಾವೆ, ಕಣ್ಣು ಕಾಣ್ಸಲ್ವಾ? ಹೊಡ್ಕೊಂಡು ಹೋಗು ನಿನ್ನ ದನಾನ!" ಎಂದೆ. ಎಷ್ಟು ಕೂಗಿದರೂ ಬೂದಣ್ಣ ಕದಲಲಿಲ್ಲ. ಕೈಗೆ ಸಿಕ್ಕ ಹೆಂಟೆ ಎಸೆದೆ, ಅಷ್ಟೇ. ಮಣ್ಣಿನ ಹೆಂಟೆ, ಕಲ್ಲಲ್ಲ. ಪಕ್ಕೆಗೆ ಬಿದ್ದು ಪುಡಿಯಾಯಿತು.

ಅಣ್ಣ ನಿಂತಲ್ಲೇ ನಿಂತ. ನನ್ನನ್ನು ನೋಡಲಿಲ್ಲ. ತಂತಿ ಎತ್ತಿ ಹಿಡಿದು ಒಂದೊಂದನ್ನೇ ಹೊರಗೆ ಕಳಿಸಿದ. ತಂತಿ ಅವನ ಅಂಗೈ ಗೀರಿ ರಕ್ತ ಬಂತು. ಅರಿಶಿನ ಹಚ್ಚುತ್ತೇನೆ ಬಾ ಎಂದೆ. ಬರಲಿಲ್ಲ. ಕೆಲವರು ಮೌನವೇ ದೊಡ್ಡ ಬೈಗುಳ ಎಂದುಕೊಂಡಿರುತ್ತಾರೆ.

ಕಂಬ ನೆಟ್ಟಗೆ ಮಾಡಿಸಿ ಮೂಲೆಗೆ ಇನ್ನೆರಡು ಎಳೆ ತಂತಿ ಬಿಗಿಸಿದೆ.

ಅಕ್ಟೋಬರ್ 13

ಮಳೆ. ಶೀಟು ಐದಾರು ಕಡೆ ಸೋರುತ್ತಿದೆ. ದನ ಬಂದಿಲ್ಲ.

ಅಕ್ಟೋಬರ್ 17

ಮಳೆ. ದನ ಬಂದಿಲ್ಲ.

ನವೆಂಬರ್ 2, ಬಲಿಪಾಡ್ಯಮಿ

ಪ್ರತಿ ವರ್ಷ ಈ ದಿನ ಅಣ್ಣ ದೇವರ ಪೂಜೆ ಮುಗಿಸಿ ತಂಗಡಿ ಹೂ, ಒಂದಿಷ್ಟು ಮಂಡಕ್ಕಿ ಬೆಲ್ಲ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ಬೆಳಗಿನಿಂದ ಹೊಸಿಲು ತೊಳೆದು ರಂಗೋಲಿ ಹಾಕಿ ಕೂತಿದ್ದೆ. ಯಜಮಾನರು, "ಬರ್ತಾನೆ ಬಿಡು" ಎನ್ನುತ್ತಿದ್ದರು. ಮಧ್ಯಾಹ್ನದ ಮೇಲೆ ಅವರೂ ಹೇಳುವುದನ್ನು ನಿಲ್ಲಿಸಿದರು.

ಮಂಡಕ್ಕಿ ನಮ್ಮ ಅಂಗಡಿಯಲ್ಲೂ ಸಿಗುತ್ತದೆ. ತಂದು ತಿಂದೆವು. ಬೆಲ್ಲ ಉಪ್ಪುಪ್ಪಾಗಿತ್ತು.

ನವೆಂಬರ್ 19, ಮಂಗಳವಾರ

ಬೂದಣ್ಣ ಹೋಯಿತು.

ಬೆಳಗ್ಗೆ ನೀರಿಗೆ ಹೊಡೆದುಕೊಂಡು ಹೋಗುವಾಗ ರಸ್ತೆಯ ತಿರುವಿನಲ್ಲಿ ಜಲ್ಲಿ ಲಾರಿ. ಅಣ್ಣ ಅಡ್ಡ ನಿಂತು ಕಂಬಳಿ ಬೀಸಿದನಂತೆ. ಲಾರಿಯವನು ಬ್ರೇಕ್ ಹಾಕಿದ, ಹಾಕಲಿಲ್ಲ ಎಂದಿಲ್ಲ. ಮುಂದಾಳು ಅಲ್ಲವೇ, ಯಾವಾಗಲೂ ಮುಂದೆಯೇ ಇರುವುದು ಅದು.

ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದಾಗ ಸುದ್ದಿ ಬಂತು. ಸೌಟು ಹಿಡಿದುಕೊಂಡೇ ರಸ್ತೆಯವರೆಗೆ ಓಡಿದೆ. ಗಂಡಸರು ಸುತ್ತ ನಿಂತಿದ್ದರು. ಅಣ್ಣ ರಸ್ತೆಯ ಮೇಲೆ ಕೂತು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತೆಲುಗಿನಲ್ಲಿ ಏನೋ ಹೇಳುತ್ತಿದ್ದ, ಮಗುವಿಗೆ ಹೇಳಿದಂತೆ. ನನ್ನನ್ನು ಕಂಡು ದಾರಿ ಬಿಟ್ಟರು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಹೊಲದ ದಾರಿಯಲ್ಲಿ ಲಾರಿ ಇಲ್ಲ.

ನವೆಂಬರ್ 20, ಬುಧವಾರ

ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಮಣ್ಣಿಗೆ ಇಳಿಸುವ ಮುಂಚೆ ಎತ್ತಿನ ಬಾಯಿಗೆ ಹಸಿ ಹುಲ್ಲು ಇಡುವುದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಹಸಿದ ಹೊಟ್ಟೆಯಲ್ಲಿ ಕಳಿಸಬಾರದು. ಬೆಳಗ್ಗೆ ರಂಗಕ್ಕ ಬೇಲಿಯ ಆಚೆ ಬಂದು ನಿಂತಳು, ನಾನೇ ಹತ್ತಿರ ಹೋದೆ.

"ಎಲ್ಲೂ ಹಸೀದು ಇಲ್ಲ ಕಣೆ ಬೊಮ್ಮಕ್ಕ. ಕುರಿ ಮೇಯ್ದು ಎಲ್ಲಾ ಬೋಳು. ಇರೋದು ನಿನ್ನ ಬೇಲಿಯಾಗೆ ಮಾತ್ರ."

"ಅಣ್ಣ ಕಳಿಸಿದ್ನಾ?"

ಅವಳು ಸೆರಗು ಸರಿ ಮಾಡಿಕೊಂಡಳು. "ಪಾಲಣ್ಣ ಬೇಡ ಅಂದ. ಅದು ಸರ್ಕಾರದ ಹುಲ್ಲು, ಅವಳಿಗೆ ತೊಂದ್ರೆ ಆಗ್ತೈತೆ, ಕೇಳಬ್ಯಾಡ್ರಿ ಅಂದ. ನಾನೇ ಬಂದೆ."

ಅವಳಿಗೆ ತೊಂದರೆ ಆಗುತ್ತದೆ ಎಂದನಂತೆ. ನನ್ನ ಅಣ್ಣ. ಕುಡುಗೋಲು ತೆಗೆದುಕೊಂಡು ಒಳಗೆ ಹೋದೆ. ಉದ್ದಗಲ್ಲಿನ ಬುಡದ ಗರಿಕೆ ಇನ್ನೂ ಎಳೆಯದಾಗಿತ್ತು. ಕಲ್ಲಿನ ಸಂದಿನಲ್ಲಿ ಬೂದು ಕೂದಲು ಅಂಟಿಕೊಂಡಿತ್ತು. ಕೊಯ್ದೆ, ಅತ್ತೆ, ಮತ್ತೆ ಕೊಯ್ದೆ. ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಯಜಮಾನರು, ದುಡ್ಡು ಹೋಗುತ್ತದೆ ಎನ್ನುವ ಮಾತನ್ನೇ ಎತ್ತಲಿಲ್ಲ. "ಇನ್ನೊಂದು ಹಿಡಿ ತಗೋ, ದೊಡ್ಡ ಹೊಟ್ಟೆ ಅದು" ಎಂದರು.

ಮಣ್ಣು ಮಾಡುವಾಗ ಹೆಂಗಸರು ದೂರ ನಿಲ್ಲಬೇಕು. ನಿಂತೆ. ಹುಲ್ಲಿನ ಹೊರೆ ನೆಲಕ್ಕಿಟ್ಟೆ. ಅಣ್ಣನೇ ಬಂದು ಎತ್ತಿಕೊಂಡ. ಅವನ ಅಂಗೈಯಲ್ಲಿ ತಂತಿ ಗೀರಿದ ಗಾಯ ಕಪ್ಪು ಗೆರೆಯಾಗಿ ಉಳಿದಿದೆ. ಬಾಯಿಗೆ ಬಂದದ್ದು ಇಷ್ಟೇ: "ಅಣ್ಣಾ, ನಾನು ಬೂದಣ್ಣಗೆ ಹೆಂಟೇಲಿ ಹೊಡ್ದೆ."

"ಹೆಂಟೆ ಮೈಗೆ ಬಿದ್ದಿದ್ದು. ಅದು ಹೋಯ್ತು" ಎಂದ. ಹುಲ್ಲನ್ನು ಎದೆಗೆ ಅವಚಿಕೊಂಡ. "ಅವತ್ತು ದನ ಅಂದ್ಯಲ್ಲ, ಅದೇ ನನ್ನ ಕಿವಿಯಾಗೆ ಕುಂತುಬಿಟ್ಟಿತ್ತು. ದನ ಸತ್ರೆ ಯಾರೂ ಹುಲ್ಲು ತರಲ್ಲ ಬೊಮ್ಮಿ."

ನಾನು ಹಾಗೆ ಅಂದೆನಾ? ನನ್ನ ಬಾಯಲ್ಲಿ ಆ ಮಾತು ಬಂದದ್ದೇ ನೆನಪಿಲ್ಲ.

ನವೆಂಬರ್ 29

ಹಟ್ಟಿಯ ಹಿರಿಯರು ಕೂತು ತೀರ್ಮಾನ ಮಾಡಿದ್ದಾರೆ. ರಸ್ತೆಯಲ್ಲಿ ಇನ್ನೊಂದನ್ನು ಕಳೆದುಕೊಳ್ಳಲು ಆಗುವುದಿಲ್ಲ, ದೇವರೆತ್ತನ್ನು ಮೊಳಕಾಲ್ಮುರು ಕಡೆಗೆ, ದೇವಸಮುದ್ರದ ಹತ್ತಿರ ನಮ್ಮವರ ಹಟ್ಟಿಗೆ ಸೇರಿಸುವುದು. ಅಲ್ಲಿ ಇನ್ನೂ ಬಯಲು ಇದೆಯಂತೆ. ಎತ್ತಿನ ಜೊತೆ ಕಿಲಾರಿಯೂ ಹೋಗುತ್ತಾನೆ.

ಓಡಿಹೋಗಿ ಹಿರಿಯ ಗಾದ್ರಪ್ಪನವರ ಕಾಲು ಹಿಡಿದೆ. "ಬೇಲಿ ತೆಗೀತೀನಿ ಮಾವಾ, ಇವತ್ತೇ ತೆಗೀತೀನಿ. ಕಳಿಸಬ್ಯಾಡ್ರಿ."

"ಏಳವ್ವ. ಅಲ್ಲಿಯೋರಿಗೆ ಮಾತು ಕೊಟ್ಟಾಗೈತೆ" ಎಂದರು. ಮೆತ್ತಗೇ ಹೇಳಿದರು.

ಮನೆಗೆ ಬಂದವಳೇ ದಾರಿಯ ಎರಡೂ ತುದಿಯಲ್ಲಿ ತಂತಿ ಬಿಚ್ಚಿ ಸುರುಳಿ ಸುತ್ತಿ ಇಟ್ಟೆ. ಕೈ ಗೀರಿತು. ಗೀರಲಿ. ಯಾವ ಎತ್ತೂ ಬರಲಿಲ್ಲ. ಅವು ನೀರಿಗೆ ರಸ್ತೆಯಲ್ಲೇ ಹೋದವು, ಕೊರಳ ಗಂಟೆ ದೂರದಿಂದ ಕೇಳಿಸಿತು.

ಡಿಸೆಂಬರ್ 10, ಮಂಗಳವಾರ

ನಿರ್ಮಲಾ ತಪಾಸಣೆಗೆ ಬಂದಳು. ಇದಾದ ಮೇಲೆ ಮೊದಲ ಕಂತು ಬರುವುದು. ಬಿಚ್ಚಿದ ತಂತಿ ನೋಡಿದಳು, ಕಲ್ಲಿನ ಬುಡದಲ್ಲಿ ಕೊಯ್ದ ಜಾಗ ನೋಡಿದಳು. ಮೂರು ದಿನದಿಂದ ಅಣ್ಣ ಮತ್ತೆ ಈ ದಾರಿಯಲ್ಲೇ ಹೊಡೆದುಕೊಂಡು ಹೋಗುತ್ತಿದ್ದಾನೆ. ಸಗಣಿ ಬಿದ್ದಿದೆ, ಕರಡ ಮಲಗಿ ಕಾಲುದಾರಿ ಮೂಡಿದೆ. ಹೋಗುವವರೆಗಾದರೂ ಬರಲಿ ಎಂದು ನಾನೇ ರಂಗಕ್ಕನ ಕೈಯಲ್ಲಿ ಹೇಳಿಕಳಿಸಿದ್ದೆ. ಬರುತ್ತಾನೆ, ತಲೆ ತಗ್ಗಿಸಿ ದಾಟಿ ಹೋಗುತ್ತಾನೆ. ನೀರು ಕೇಳುವುದಿಲ್ಲ.

ಹುಡುಗಿಗೆ ಎಲ್ಲ ಗೊತ್ತಾಗಿತ್ತು. ಮೊಬೈಲು ತೆಗೆದು ನಿಧಾನವಾಗಿ ಕೇಳಿದಳು. "ದನ ಮೇಯ್ದಾವಾ ಅಕ್ಕ? ನೀವು ಇಲ್ಲ ಅಂದ್ರೆ ನಾನು ಇಲ್ಲ ಅಂತಾನೇ ಹಾಕ್ತೀನಿ. ಈ ಕಡೆ ಫೋಟೋ ತೆಗೀದಿದ್ರೆ ಆಯ್ತು."

ಒಳ್ಳೆ ಮನಸ್ಸಿನ ಹುಡುಗಿ, ಅವಳ ಹೊಟ್ಟೆ ತಣ್ಣಗಿರಲಿ. ಜೂನ್ ತಿಂಗಳಲ್ಲಿ ಹೇಳಿದ ಮಾತನ್ನೇ ಇನ್ನೊಮ್ಮೆ ಹೇಳಿದ್ದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ.

"ದನ ಮೇಯ್ದಿಲ್ಲಮ್ಮ. ದೇವರೆತ್ತು ಬಂದಾವೆ. ಇಲ್ಲಿರೋವರ್ಗೂ ಬರ್ತಾವೆ, ತಿರುಗಿ ಬಂದ್ರೂ ಇಲ್ಲೇ ಬರ್ತಾವೆ. ಅದನ್ನೂ ಬರ್ಕೋ" ಎಂದೆ.

"ಅದಕ್ಕೆ ಇದ್ರಾಗೆ ಜಾಗ ಇಲ್ಲ ಅಕ್ಕ. ಹೌದು, ಇಲ್ಲ, ಎರಡೇ ಇರೋದು."

"ಹಂಗಾದ್ರೆ ಹೌದು ಅಂತ ಒತ್ತು."

ಒತ್ತಿದಳು. ಅವಳ ಕಣ್ಣಲ್ಲಿ ನೀರಿತ್ತು. ಊಟ ಮಾಡಿಸಿ ಕಳಿಸಿದೆ. ಕಂಬ, ತಂತಿ ಎಲ್ಲ ಮುಂದಿನ ವಾರ ಬಂದು ಒಯ್ಯುತ್ತಾರಂತೆ. ಯಜಮಾನರು ಮೇಲೆ ಶೀಟು ನೋಡುತ್ತ, "ತೂತಿದ್ರೇನೇ ಗಾಳಿ ಆಡೋದು" ಎಂದರು. ನಗು ಬರಲಿಲ್ಲ, ಆದರೂ ನಕ್ಕೆ.

ಡಿಸೆಂಬರ್ 14, ಶನಿವಾರ

ಹೋದರು.

ಬೆಳಗ್ಗೆ ಮಂಜಿತ್ತು. ದೇವಸಮುದ್ರಕ್ಕೆ ಟಾರು ರಸ್ತೆ ನೇರ, ಆದರೂ ನಮ್ಮ ಹೊಲದಿಂದಲೇ ಸುತ್ತಿ ಬಂದರು. ಮುಂದೆ ಈಗ ಬೂದಣ್ಣನ ಹಿಂದೆ ಬರುತ್ತಿದ್ದ ಕೆಂದೆತ್ತು. ಅದಕ್ಕಿನ್ನೂ ಮುಂದಾಳತ್ವ ಬಂದಿಲ್ಲ, ಎರಡು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತದೆ. ಉದ್ದಗಲ್ಲಿನ ಹತ್ತಿರ ನಿಂತು ಮೂಸಿ, ಕುತ್ತಿಗೆ ಕೊಟ್ಟು ತಿಕ್ಕತೊಡಗಿತು. ಹಿಂದಿನವೆಲ್ಲ ನಿಂತವು. ಹುಲ್ಲಿಗೆ ಬಾಯಿ ಹಾಕಿದವು. ಯಾರೂ ಓಡಿಸಲಿಲ್ಲ.

ಅಣ್ಣ ದಾಟಿ ಹೋಗುತ್ತಾನೆ ಎಂದುಕೊಂಡು ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಹೋಗಲು ಧೈರ್ಯವಿರಲಿಲ್ಲ.

"ಬೊಮ್ಮೀ, ನೀರು ಐತಾ?"

ಚೊಂಬು ಕೈಯಲ್ಲೇ ಇತ್ತು. ತುಳುಕಿ ಅರ್ಧ ಸೀರೆಯ ಮೇಲೆ ಹೋಯಿತು. ಅವನು ಉಳಿದರ್ಧವನ್ನು ಎತ್ತಿ ಕುಡಿದು, ಚೊಂಬನ್ನು ನನ್ನ ಕೈಗೇ ಕೊಟ್ಟು, "ಬರ್ತೀನಿ" ಎಂದ. "ರಾ ನಾಯನಾ, ರಾ" ಎನ್ನುವುದು ಮಂಜಿನೊಳಗಿಂದ ಬಹಳ ಹೊತ್ತು ಕೇಳುತ್ತಿತ್ತು.

ಸಂಜೆ ರಂಗಕ್ಕನ ಕುರಿ ಒಳಗೆ ನುಗ್ಗಿದ್ದವು. ಅವನ್ನು ಓಡಿಸಿದೆ. ಆಮೇಲೆ ದಾರಿಗೆ ಅಡ್ಡ ಬಿದ್ದಿದ್ದ ಮುಳ್ಳುಗಳನ್ನು ಆರಿಸಿ ಬದಿಗೆ ಹಾಕಿದೆ. ಬರಿಗಾಲಲ್ಲಿ ನಡೆಯುವವನು ಅವನು.